ಚಕ್ರದ ಸದ್ದು

(ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)





ಮೊದಲು ಒಂದು ಪ್ರಶ್ನೆ. ನೀವು ಅಟ್ಟದ ಮೇಲೆ ಕಾಯಿ ಹಾಕಿದ್ದೀರಿ. ಹತ್ತು ಹನ್ನೊಂದು ತಿಂಗಳಾಯಿತು. ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ, ಒಡೆಯದೆ ಹೇಗೆ ತಿಳಿಯುತ್ತೀರಿ?

ಒಂದು ಕಾಯಿ ಕೈಗೆ ತೆಗೆದುಕೊಳ್ಳುತ್ತೀರಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ಕುಲುಕುಲು ಎಂದರೆ ಇನ್ನೂ ನೀರಿದೆ. ಲೊಡಲೊಡ ಎಂದರೆ ನೀರು ಇಂಗಿದೆ, ಗಿಟುಕು ಚಿಪ್ಪು ಬಿಟ್ಟಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ. ಒಳಗಿನ ಸಂಗತಿಯನ್ನು ಹೊರಗಿನ ಸದ್ದಿನಿಂದ ತಿಳಿಯುವ ವಿದ್ಯೆ ನಿಮ್ಮ ಕಿವಿಯಲ್ಲೇ ಇದೆ.

ಇವತ್ತು ನಾವು ಅದೇ ಕಿವಿಯಿಂದ ಕೇಳಬೇಕಾದ ಇನ್ನೊಂದು ಸದ್ದಿನ ಬಗ್ಗೆ ಮಾತಾಡುತ್ತೇವೆ. ಕಾರಿನ ಚಕ್ರದ ಸದ್ದು.

"ಕಾರಿನ ವಿಷಯ ನಮಗ್ಯಾಕೆ ಮೇಷ್ಟ್ರೇ?" ಅಂತ ಹಿಂದೆ ಕೂತವರು ಯಾರೋ ಕೇಳುತ್ತಿದ್ದಾರೆ. ಕೇಳಲಿ. ಒಂದು ಕಾಲಕ್ಕೆ ಊರಿಗೆ ಒಂದು ಕಾರು ಇದ್ದರೆ ಹೆಚ್ಚು. ಈಗ ಹಾಗಿಲ್ಲ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರೋ, ವ್ಯಾನೋ ತೆಗೆದುಕೊಂಡ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ. ಅದೇ ಗಾಡಿಯಲ್ಲಿ ತಿಪಟೂರು ಎ.ಪಿ.ಎಂ.ಸಿ.ಗೆ ಎರಡು ಚೀಲ ಕೊಬ್ಬರಿ ಹೋಗುತ್ತದೆ. ಎಡೆಯೂರು ಜಾತ್ರೆಗೆ ಮನೆ ಮಂದಿ ಹೋಗುತ್ತಾರೆ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೂ ಅದೇ ಹೋಗುತ್ತದೆ. ಕಾರು ನಿಮ್ಮದಲ್ಲದೆ ಇರಬಹುದು. ಕೂರುವವರು ನೀವೇ ತಾನೆ?

ನಾವು ಮೆಕ್ಯಾನಿಕ್‌ಗಳಲ್ಲ. ನಾವಿಬ್ಬರೂ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳು, ಸಂಜೆ ಇಲ್ಲಿಗೆ ಬರುತ್ತೇವೆ. ಇಲ್ಲಿ ಹೇಳುವುದನ್ನೆಲ್ಲ ತಿಪಟೂರಿನ ಒಬ್ಬ ಹಿರಿಯ ಮೆಕ್ಯಾನಿಕ್ಕರಿಂದ ಕಲಿತೆವು. ಕಲಿಯುವುದಕ್ಕೆ ಮೊದಲು ಒಂದು ತಪ್ಪನ್ನೂ ಮಾಡಿದೆವು. ಅದರಿಂದಲೇ ಶುರು ಮಾಡುತ್ತೇವೆ.

ಅಜ್ಜಿ ಹೇಳಿದ ಮಾತು

ಹಂದನಕೆರೆ ಕಡೆಯ ಒಂದು ಹಳ್ಳಿ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಜ್ಜಿ. ಅವರ ಮಗ ಒಂದು ಹಳೆಯ ಕಾರು ತಂದರು. ಒಂದು ವರ್ಷ ಚೆನ್ನಾಗಿಯೇ ಓಡಿತು. ಆ ವರ್ಷದ ಹಿಂಗಾರು ಜೋರಾಗಿತ್ತು. ಕೆರೆ ಕೋಡಿ ಬಿದ್ದು ರಸ್ತೆಯ ಮೇಲೆ ನೀರು ಹರಿಯುತ್ತಿದ್ದಾಗ ಆ ನೀರಿನಲ್ಲೇ ನಾಲ್ಕೈದು ಸಲ ಕಾರು ದಾಟಿಸಿದರು.

ಮಳೆ ನಿಂತು ಒಂದೂವರೆ ತಿಂಗಳಿಗೆ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಗುಂಯ್ ಎನ್ನುವ ಸದ್ದು. ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. ನಿಧಾನಕ್ಕೆ ಹೋದರೆ ಇಲ್ಲ. ನಲವತ್ತು ದಾಟಿದರೆ ಬರುತ್ತದೆ. ಅರವತ್ತಕ್ಕೆ ಇನ್ನೂ ಜೋರು.

ಅಜ್ಜಿ ಮಗನ ಸೀಟಿನ ಹಿಂದೆ ಕೂತಿದ್ದರು. "ಇದು ಕೀಲಿನ ಸದ್ದು ಕಣಪ್ಪ. ಕೀಲೆಣ್ಣೆ ಒಣಗೈತೆ" ಅಂದರು.

ಮಗ ನಕ್ಕರು. "ಇದೇನು ಎತ್ತಿನ ಗಾಡಿನಾ ಕಣವ್ವ? ಟೈರ್ ಸದ್ದು, ಸುಮ್ನಿರು" ಅಂದರು.

ನಮ್ಮನ್ನೂ ಕೇಳಿದರು. ನಾವು ಕಾರಿನೊಳಗೆ ಕೂರಲೂ ಇಲ್ಲ. ಹೊರಗೆ ನಿಂತು ಸವೆದ ಟೈರು ನೋಡಿ "ಟೈರೇ ಇರಬೇಕು" ಅಂದುಬಿಟ್ಟೆವು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಅವರು ಮುಂದಿನ ಎರಡೂ ಟೈರು ಹೊಸದು ಹಾಕಿಸಿದರು. ಎರಡು ದಿನ ಸದ್ದು ಕಡಿಮೆ ಅನ್ನಿಸಿತು. ಮೂರನೇ ದಿನ ಮತ್ತೆ ಅದೇ ಗುಂಯ್.

ಆಮೇಲೆ ಒಂದು ಗ್ಯಾರೇಜಿಗೆ ಕೊಟ್ಟರು. ಅಲ್ಲಿ ಯಾರೂ ಕಾರು ಓಡಿಸಿ ನೋಡಲಿಲ್ಲ. "ಬೇರಿಂಗ್ ಹೋಗಿದೆ" ಅಂತ ಮುಂದಿನ ಎಡಗಡೆ ಚಕ್ರದ ಬೇರಿಂಗ್ ಬದಲಾಯಿಸಿದರು. ಬಿಲ್ಲು ಬಂತು. ಸದ್ದು ಮಾತ್ರ ಹೋಗಲಿಲ್ಲ. ಕಾಯಿಲೆ ಸರಿಯಾಗಿ ಹೇಳಿದ್ದರು, ಅದು ಯಾವ ಚಕ್ರದ್ದು ಅಂತ ನೋಡಿರಲಿಲ್ಲ. ಹಲ್ಲುನೋವು ಅಂತ ಹೋದವನಿಗೆ ಪಕ್ಕದ ಹಲ್ಲು ಕಿತ್ತು ಕಳಿಸಿದ ಹಾಗಾಯಿತು.

ಎರಡು ಸಲ ದುಡ್ಡು ದಂಡ. ಒಂದು ಸಲದ್ದು ನಮ್ಮ ಲೆಕ್ಕಕ್ಕೆ. ಮನೆಯಲ್ಲಿ ಅಜ್ಜಿಯ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ದಿನ ತುಂಬುತ್ತಿತ್ತು. ಕಾರು ಬೇಕೇ ಬೇಕು. ಅದಕ್ಕೇ ನಾವು ತಿಪಟೂರಿನ ಆ ಹಿರಿಯರ ಹತ್ತಿರ ಹೋಗಿ ಕೂತೆವು.

ಕೀಲೆಣ್ಣೆಯಿಂದ ಬೇರಿಂಗ್‌ವರೆಗೆ

ಅಜ್ಜಿ ಹೇಳಿದ್ದನ್ನು ನಾವು ಅವರಿಗೆ ಹೇಳಿದೆವು. ಅವರು ನಗಲಿಲ್ಲ. "ಸರಿಯಾಗೇ ಹೇಳವ್ರೆ" ಅಂದರು.

ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗಾಡಿಯ ಅಚ್ಚು ತಿರುಗುವುದಿಲ್ಲ. ಅದರ ಸುತ್ತ ಗುಂಬ ತಿರುಗುತ್ತದೆ. ಅಚ್ಚಿಗೂ ಗುಂಬಕ್ಕೂ ಉಜ್ಜಾಟ. ಎಣ್ಣೆ ಇಲ್ಲದಿದ್ದರೆ ಕಿರ್ರೋ ಅನ್ನುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಅದಕ್ಕೇ ಗಾಡಿಯ ಜೊತೆ ಕೀಲೆಣ್ಣೆಯ ಗೊಟ್ಟ ಇರುತ್ತಿತ್ತು. ಕಡಾಣಿ ತೆಗೆದು, ಚಕ್ರ ಸ್ವಲ್ಪ ಈಚೆಗೆ ಎಳೆದು, ಎಣ್ಣೆ ಸವರಿ ಮತ್ತೆ ಕೂರಿಸುತ್ತಿದ್ದರು. ಕಡಾಣಿ ಬಿದ್ದುಹೋದರೆ ಚಕ್ರವೇ ಕಳಚುತ್ತದೆ. ಇದನ್ನೂ ನೀವು ಬಲ್ಲಿರಿ.

ಕಾರಿನಲ್ಲಿ ಉಜ್ಜಾಟದ ಜಾಗದಲ್ಲಿ ಉರುಳಾಟ ಇಟ್ಟಿದ್ದಾರೆ. ಒಂದು ಭಾರದ ದಿಮ್ಮಿಯನ್ನು ನೆಲದ ಮೇಲೆ ಎಳೆದರೆ ಕಷ್ಟ. ಕೆಳಗೆ ನಾಲ್ಕು ದುಂಡು ಕೋಲು ಇಟ್ಟು ತಳ್ಳಿದರೆ ಸಲೀಸು. ಬೇರಿಂಗ್ ಅಂದರೆ ಅಷ್ಟೇ. ಒಂದು ದೊಡ್ಡ ಉಕ್ಕಿನ ಬಳೆ. ಅದರೊಳಗೆ ಒಂದು ಸಣ್ಣ ಉಕ್ಕಿನ ಬಳೆ. ಎರಡರ ನಡುವೆ ಗೋಲಿಯಂಥ ಉಕ್ಕಿನ ಗುಂಡುಗಳು, ಇಲ್ಲವೇ ಸಣ್ಣ ಉರುಳೆಗಳು. ಅವು ಒಂದಕ್ಕೊಂದು ತಾಗದ ಹಾಗೆ ದೂರ ದೂರ ಹಿಡಿದಿಡಲು ಒಂದು ತೆಳುವಾದ ಗೂಡು. ಅದಕ್ಕೆ ಮೆಕ್ಯಾನಿಕ್‌ಗಳು ಕೇಜ್ ಅನ್ನುತ್ತಾರೆ. ಒಳಗೆಲ್ಲ ಗ್ರೀಸ್. ನೀರು, ಧೂಳು ಒಳಗೆ ಹೋಗದ ಹಾಗೆ ಪಕ್ಕದಲ್ಲಿ ರಬ್ಬರಿನ ಸೀಲ್.

ಈ ಬೇರಿಂಗ್ ಬೆಳೆದ ಕಥೆಯಲ್ಲಿ ನಮ್ಮಂಥವರಿಗೆ ಹಿಡಿಸುವ ಒಂದು ಸಂಗತಿ ಇದೆ. ಸ್ವೀಡನ್ ಅಂತ ಒಂದು ದೇಶ. ಅಲ್ಲಿ ಗೋಥೆನ್‌ಬರ್ಗ್ ಊರಿನಲ್ಲಿ ಒಂದು ಬಟ್ಟೆ ಗಿರಣಿ. ಗಿರಣಿ ನಿಂತಿದ್ದ ನೆಲ ಜೇಡಿಮಣ್ಣು. ನಮ್ಮ ಕೆರೆ ಅಂಗಳದ ಹಾಗೆ. ನೆಲ ಸ್ವಲ್ಪ ಕುಸಿದರೆ ಯಂತ್ರ ತಿರುಗಿಸುವ ಉದ್ದನೆಯ ದಂಡಗಳು ಸೊಟ್ಟಗಾಗುತ್ತಿದ್ದವು. ಬೇರಿಂಗ್‌ಗಳು ಮತ್ತೆ ಮತ್ತೆ ಹಾಳಾಗುತ್ತಿದ್ದವು. ಸ್ವೆನ್ ವಿಂಗ್‌ಕ್ವಿಸ್ಟ್ ಎಂಬಾತ ಆ ಗಿರಣಿಯ ಎಂಜಿನಿಯರ್. ದಂಡ ಸ್ವಲ್ಪ ಸೊಟ್ಟವಾದರೂ ತಾನೇ ಹೊಂದಿಕೊಳ್ಳುವ, ಎರಡು ಸಾಲು ಗುಂಡುಗಳ ಒಂದು ಬೇರಿಂಗನ್ನು 1907ರಲ್ಲಿ ಆತ ಮಾಡಿದ. ಎಸ್.ಕೆ.ಎಫ್. ಎಂಬ ಕಂಪನಿ ಹುಟ್ಟಿದ್ದು ಹಾಗೆ, ಅದೇ ವರ್ಷ. ಕೆಟ್ಟುಹೋದ ಬೇರಿಂಗ್ ಬದಲಾಯಿಸಿ ಬದಲಾಯಿಸಿ ಬೇಸತ್ತವನೇ ಒಳ್ಳೆಯ ಬೇರಿಂಗ್ ಮಾಡಿದ.

ಇರಲಿ. ನಮ್ಮ ಕಾರಿಗೆ ಬರೋಣ. ಸೀಲ್ ಹರಿದರೆ, ಇಲ್ಲವೇ ಹಬ್ ಮುಳುಗುವಷ್ಟು ನೀರಿನಲ್ಲಿ ಕಾರು ನಿಂತರೆ, ಒಳಗೆ ನೀರು ಸೇರುತ್ತದೆ. ಗ್ರೀಸ್ ಕೆಡುತ್ತದೆ. ಉಕ್ಕು ತುಕ್ಕು ಹಿಡಿಯುತ್ತದೆ. ಕನ್ನಡಿಯಂತೆ ನುಣ್ಣಗಿದ್ದ ಬಳೆಯ ಮೇಲೆ ಸಣ್ಣ ಗುಳಿ ಬೀಳುತ್ತದೆ. ಆ ಗುಳಿಯ ಮೇಲೆ ಗುಂಡು ಹಾಯ್ದಾಗಲೆಲ್ಲ ಒಂದು ಸಣ್ಣ ತಟ್ಟು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಥ ಎಷ್ಟೋ ತಟ್ಟು. ಎಲ್ಲ ಸೇರಿ ಗುಂಯ್. ವೇಗ ಹೆಚ್ಚಿದರೆ ತಟ್ಟು ಹೆಚ್ಚು, ಸದ್ದೂ ಹೆಚ್ಚು. ಇಷ್ಟು ಅರ್ಥವಾದರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭ.

ಓಡಿಸುತ್ತಾ ಕೇಳುವುದು

ಮೊದಲು ಸದ್ದು ಎಂಜಿನ್ನಿನದೋ ಚಕ್ರದ್ದೋ ತಿಳಿಯಬೇಕು. ಸಮತಟ್ಟಾದ, ಖಾಲಿ ರಸ್ತೆ ಇರಬೇಕು. ಸದ್ದು ಬರುವ ವೇಗಕ್ಕೆ ಬಂದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕಾಲು ತೆಗೆಯಿರಿ. ಎಂಜಿನ್ ಸದ್ದು ಇಳಿಯುತ್ತದೆ. ಗುಂಯ್ ಹಾಗೇ ಇದ್ದು, ಕಾರು ನಿಧಾನವಾದಂತೆ ನಿಧಾನವಾಗಿ ಇಳಿದರೆ ಅದು ಚಕ್ರದ ಕಡೆಯದು. ಎಂಜಿನ್ ಜೊತೆಗೇ ತಟ್ಟನೆ ಇಳಿದರೆ ಬೇರೆ ಕಡೆ ಹುಡುಕಬೇಕು. ಇದನ್ನು ಇಳಿಜಾರಿನಲ್ಲಿ ಮಾಡಬಾರದು. ಓಡುವಾಗ ಕೀ ತಿರುಗಿಸಿ ಎಂಜಿನ್ ಆರಿಸಲೇಬಾರದು. ಆರಿಸಿದರೆ ಬ್ರೇಕು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಕೀ ಹೊರಗೆ ಬಂದರೆ ಸ್ಟಿಯರಿಂಗೇ ಬಿಗಿದುಕೊಳ್ಳುತ್ತದೆ.

ಆಮೇಲೆ ಟೈರೋ ಬೇರಿಂಗೋ. ನಾವು ಎಡವಿದ್ದು ಇಲ್ಲೇ. ಎರಡೂ ಗುಂಯ್ ಅನ್ನುತ್ತವೆ. ಆದರೆ ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಹಳ್ಳಿಯ ತರಿತರಿ ರಸ್ತೆಯಿಂದ ಬಿ.ಎಚ್. ರಸ್ತೆಯ ನುಣುಪು ಡಾಂಬರಿಗೆ ಹತ್ತಿದಾಗ ಸದ್ದು ಬೇರೆಯಾದರೆ ಟೈರಿನ ಮೇಲೆ ಅನುಮಾನ. ರಸ್ತೆ ಯಾವುದಾದರೂ ಒಂದೇ ರಾಗ ಹಾಡಿದರೆ ಬೇರಿಂಗ್ ಮೇಲೆ ಅನುಮಾನ. ಕಾರು ನಿಲ್ಲಿಸಿ ಟೈರಿನ ಮೇಲೆ ಅಂಗೈ ಸವರಿ ನೋಡಿ. ಗರಗಸದ ಹಲ್ಲಿನ ಹಾಗೆ ಏರು ತಗ್ಗು ಸಿಕ್ಕಿದರೆ ಅದು ಕೂಡ ಸದ್ದು ಮಾಡುತ್ತದೆ. ಹೊಸ ಟೈರು ಕೊಳ್ಳುವ ಮೊದಲು ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ ಓಡಿಸಿ. ಸದ್ದು ಜಾಗ ಬದಲಾಯಿಸಿದರೆ ಟೈರು. ಅಲ್ಲೇ ಇದ್ದರೆ ಟೈರಲ್ಲ. ಖರ್ಚು ಅಂದರೆ ಚಕ್ರ ಬಿಚ್ಚಿ ಕಟ್ಟಿದ ಕೂಲಿ. ಇದನ್ನು ನಾವು ಮೊದಲೇ ತಿಳಿದಿದ್ದರೆ ಆ ಅಣ್ಣನಿಗೆ ಎರಡು ಟೈರಿನ ದುಡ್ಡು ಉಳಿಯುತ್ತಿತ್ತು.

ಇನ್ನು ಯಾವ ಕಡೆಯ ಚಕ್ರ? ಇದು ನಮಗೆ ಬಹಳ ಹಿಡಿಸಿದ ಪಾಠ.

ಬಸ್ಸಿನಲ್ಲಿ ನಿಂತಿದ್ದೀರಿ. ಬಸ್ಸು ಎಡಕ್ಕೆ ತಿರುಗಿತು. ನೀವು ಯಾವ ಕಡೆ ವಾಲುತ್ತೀರಿ? ಬಲಕ್ಕೆ. ಕಾರೂ ಹಾಗೆಯೇ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಬಲಕ್ಕೆ ತಿರುಗಿದಾಗ ಎಡಗಡೆ ಚಕ್ರಗಳ ಮೇಲೆ. ಕೆಟ್ಟ ಬೇರಿಂಗ್ ಮೇಲೆ ಭಾರ ಬಿದ್ದರೆ ಅದು ಜೋರಾಗಿ ಕೂಗುತ್ತದೆ. ಭಾರ ಇಳಿದರೆ ಸುಮ್ಮನಾಗುತ್ತದೆ. ಆದ್ದರಿಂದ ಎಡ ತಿರುವಿನಲ್ಲಿ ಸದ್ದು ಹೆಚ್ಚಾಗಿ, ಬಲ ತಿರುವಿನಲ್ಲಿ ಕಡಿಮೆಯಾದರೆ, ಬಲಗಡೆಯ ಚಕ್ರದ ಮೇಲೆ ಅನುಮಾನ ಪಡಿ. ಹೆಚ್ಚಿನ ಸಲ ಇದು ಸರಿ ಬರುತ್ತದೆ. ಎಲ್ಲ ಸಲವೂ ಅಲ್ಲ. ಅದಕ್ಕೇ ಇದೊಂದನ್ನೇ ನಂಬಿ ದುಡ್ಡು ಬಿಚ್ಚಬಾರದು.

ಇದಕ್ಕಾಗಿ ರಸ್ತೆಯಲ್ಲಿ ಹಾವಿನ ಹಾಗೆ ಓಡಿಸಬೇಡಿ. ರಸ್ತೆಯೇ ಕೊಡುವ ಉದ್ದನೆಯ ತಿರುವು ಸಾಕು.

ಮುಂದಿನದೋ ಹಿಂದಿನದೋ ಎನ್ನುವುದು ಕಷ್ಟ. ಸದ್ದು ಕಾರಿನ ತಗಡಿನ ಉದ್ದಕ್ಕೂ ಹರಿಯುತ್ತದೆ. ಹಿಂದಿನದು ಮುಂದೆ ಕೇಳುತ್ತದೆ, ಮುಂದಿನದು ಹಿಂದೆ. ಓಡಿಸುವವರ ಜೊತೆ ಇನ್ನೊಬ್ಬರು ಕೂರಬೇಕು. ಆ ಇನ್ನೊಬ್ಬರು ಒಂದೊಂದು ಸಲ ಒಂದೊಂದು ಸೀಟಿನಲ್ಲಿ ಕೂತು ಕೇಳಬೇಕು. ಹಾಡು ಬಂದ್, ಕಿಟಕಿ ಬಂದ್.

ಬೇರೆ ಸದ್ದುಗಳನ್ನು ಇದರ ಜೊತೆ ಕಲಸಬೇಡಿ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹೊರಟಾಗ ಮುಂದಿನಿಂದ ಟಕ್ ಟಕ್ ಟಕ್ ಅಂದರೆ ಚಕ್ರಕ್ಕೆ ಶಕ್ತಿ ಕೊಡುವ ಆಕ್ಸಲ್ಲಿನ ಜಾಯಿಂಟು ಸವೆದಿರಬಹುದು. ಬ್ರೇಕ್ ಒತ್ತಿದಾಗ ಬದಲಾಗುವ ಕಿರಿಚಾಟ ಬ್ರೇಕಿನದು. ಚಕ್ರದ ನಟ್ಟು ಸಡಿಲವಾದರೂ ಲೊಟಲೊಟ ಸದ್ದು ಬರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಪಾನಾ ಹಿಡಿದು ನಾಲ್ಕೂ ಚಕ್ರದ ನಟ್ಟು ಬಿಗಿಯಾಗಿವೆಯೇ ನೋಡಿ. ದುಡ್ಡು ಕೇಳದ ಪರೀಕ್ಷೆ ಇದು.

ಚಕ್ರ ಎತ್ತಿ ನೋಡುವುದು

ಒಂದು ಭಾನುವಾರ ನಾವು ಆ ಹಳ್ಳಿಗೆ ಹೋದೆವು. ಅಜ್ಜಿಯೂ ಕಾರು ಹತ್ತಿದರು. ಮೊದಲು ಖಾಲಿ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದೆವು. ಎಡ ತಿರುವಿನಲ್ಲಿ ಅಜ್ಜಿ "ಈಗ ಜೋರು" ಅಂದರು. ಬಲ ತಿರುವಿನಲ್ಲಿ "ಈಗ ಕಮ್ಮಿ" ಅಂದರು. ನಾವು ನೋಟು ಪುಸ್ತಕದಲ್ಲಿ ಬರೆದುಕೊಂಡೆವು. ಹಾಗಾದರೆ ಬಲಗಡೆ. ಗ್ಯಾರೇಜಿನವರು ಬದಲಾಯಿಸಿದ್ದು ಎಡಗಡೆ.

ಆಮೇಲೆ ಕಾರನ್ನು ಕಣದ ಗಟ್ಟಿ ನೆಲದಲ್ಲಿ ನಿಲ್ಲಿಸಿದೆವು. ಹ್ಯಾಂಡ್ ಬ್ರೇಕ್ ಎಳೆದೆವು. ಹಿಂದಿನ ಚಕ್ರಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಟ್ಟೆವು. ಒಬ್ಬ ಹುಡುಗ ತೆಂಗಿನ ಮಟ್ಟೆ ತಂದ. ಮಟ್ಟೆ ಬೇಡ, ಅಮುಕಿ ಹೋಗುತ್ತದೆ. ಕಲ್ಲೇ ಬೇಕು. ಜಾಕ್ ಕೊಟ್ಟು ಮುಂದಿನ ಬಲ ಚಕ್ರವನ್ನು ನೆಲದಿಂದ ಸ್ವಲ್ಪ ಮಾತ್ರ ಎತ್ತಿದೆವು. ಜಾಕಿನ ಪಕ್ಕದಲ್ಲಿ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್ ಇಟ್ಟೆವು. ಅದನ್ನು ತಿಪಟೂರಿನ ಹಿರಿಯರೇ ಕೊಟ್ಟು ಕಳಿಸಿದ್ದರು. ಜಾಕ್ ಜಾರುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ, ಕೈ, ಕಾಲು ಯಾವುದನ್ನೂ ಇಡಬಾರದು. ಇಟ್ಟಿಗೆ ಜೋಡಿಸಿ ನಿಲ್ಲಿಸಬಾರದು. ಮಕ್ಕಳನ್ನು ದೂರ ಕಳಿಸಬೇಕು. ಎತ್ತಿದ ಚಕ್ರವನ್ನು ಎಂಜಿನ್ ಓಡಿಸಿ ತಿರುಗಿಸಬಾರದು. ಕೈಯಿಂದ ಮಾತ್ರ.

ಇಲ್ಲಿ ನೀವು ಕಲಿತ ಗಡಿಯಾರದ ಪಾಠ ಕೆಲಸಕ್ಕೆ ಬರುತ್ತದೆ. ಚಕ್ರವನ್ನು ಒಂದು ಗಡಿಯಾರ ಅಂದುಕೊಳ್ಳಿ. ಮೇಲೆ 12. ಕೆಳಗೆ 6. ಪಕ್ಕದಲ್ಲಿ 3 ಮತ್ತು 9. ಒಂದು ಕೈ 12ರಲ್ಲಿ, ಒಂದು ಕೈ 6ರಲ್ಲಿ ಇಟ್ಟು ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಗಟ್ಟಿಯಾಗಿದ್ದರೆ ಸರಿ. ಟಕ್ ಟಕ್ ಎಂದು ಅಲುಗಿದರೆ ಸಡಿಲವಿದೆ. 3 ಮತ್ತು 9ರಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಅದು ಹೆಚ್ಚಾಗಿ ಸ್ಟಿಯರಿಂಗ್ ರಾಡಿನ ಕಡೆಯ ಸಡಿಲ.

12–6ರಲ್ಲಿ ಅಲುಗಿದರೂ ಬೇರಿಂಗೇ ಅಂತ ಹೇಳಿಬಿಡಬೇಡಿ. ಚಕ್ರವನ್ನು ಹಿಡಿದ ಬಾಲ್ ಜಾಯಿಂಟ್ ಸವೆದರೂ ಹಾಗೇ ಅಲುಗುತ್ತದೆ. ಅದಕ್ಕೆ ಒಂದು ಉಪಾಯವಿದೆ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲಿ. ಈಗ ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ಬೇರಿಂಗ್. ಬ್ರೇಕ್ ಹಿಡಿದರೂ ಅಲುಗಿದರೆ ಜಾಯಿಂಟ್.

ಇನ್ನೊಂದು. ಗೇರು ನ್ಯೂಟ್ರಲ್‌ನಲ್ಲಿರಲಿ. ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ಮೇಲಿನ ಸ್ಪ್ರಿಂಗ್ ಸುರುಳಿಯ ಮೇಲೆ ಮೆಲ್ಲಗೆ ಇಡಿ. ಬೆರಳು ಚಕ್ರಕ್ಕೆ ಸಿಗದ ಹಾಗೆ ಜೋಪಾನ. ಒಳ್ಳೆಯ ಬೇರಿಂಗ್ ಆದರೆ ಕೈಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದಾದರೆ ರಾಗಿ ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ ಗರಗರ ತಿಳಿಯುತ್ತದೆ. ಎರಡೂ ಕಡೆಯ ಚಕ್ರಗಳನ್ನು ಹೀಗೆ ನೋಡಿ ಹೋಲಿಸಬೇಕು. ಕೈಗೆ ಏನೂ ಸಿಗದಿದ್ದರೂ ಬೇರಿಂಗ್ ಚೆನ್ನಾಗಿದೆ ಅಂತಲೇ ಅಲ್ಲ. ಸವೆತ ಶುರುವಾದಾಗ ಅದು ಭಾರ ಬಿದ್ದು ಓಡುವಾಗ ಮಾತ್ರ ಕೂಗುತ್ತದೆ. ಹಿಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಅದನ್ನು ಗ್ಯಾರೇಜಿನಲ್ಲೇ ಮಾಡಿಸಿ.

ಹಳೆಯ ಅಂಬಾಸಿಡರ್, ಹಳೆಯ ಜೀಪು, ಟ್ರ್ಯಾಕ್ಟರ್ ಟ್ರೈಲರುಗಳಲ್ಲಿ ಬೇರಿಂಗನ್ನು ನಟ್ಟಿನಿಂದ ಬಿಗಿ ಮಾಡುವ ವ್ಯವಸ್ಥೆ ಇದೆ. ಅಲ್ಲಿ ಎಳ್ಳಿನಷ್ಟು ಸಡಿಲ ಇರಬಹುದು. ಮೆಕ್ಯಾನಿಕ್ ಅದನ್ನು ಸರಿಮಾಡಿ ಹೊಸ ಗ್ರೀಸ್ ತುಂಬುತ್ತಾರೆ. ಈಗಿನ ಹೆಚ್ಚಿನ ಕಾರುಗಳ ಬೇರಿಂಗ್ ಸೀಲ್ ಮಾಡಿದ್ದು. ಅದನ್ನು ಬಿಗಿ ಮಾಡುವುದಿಲ್ಲ, ಬದಲಾಯಿಸುತ್ತಾರೆ.

ಆ ಭಾನುವಾರ 12–6ರಲ್ಲಿ ಹಿಡಿದು ಅಲ್ಲಾಡಿಸಿದಾಗ ಬಲ ಚಕ್ರ ಟಕ್ ಟಕ್ ಅಂದಿತು. ಅಣ್ಣ ಒಳಗೆ ಕೂತು ಬ್ರೇಕ್ ಒತ್ತಿದರು. ಅಲುಗಾಟ ನಿಂತಿತು. ಅಜ್ಜಿ ನಮ್ಮ ಮುಖ ನೋಡಿದರು, ಮಗನ ಮುಖ ನೋಡಿದರು. ಏನೂ ಅನ್ನಲಿಲ್ಲ.

ನಾವು ತಿಪಟೂರಿಗೆ ಫೋನ್ ಮಾಡಿದೆವು. "ಸದ್ದು ಮಾತ್ರ ಇದ್ರೆ ಮೆಲ್ಲಗೆ ಇಲ್ಲೀವರ್ಗೂ ತನ್ನಿ ಅಂತಿದ್ದೆ. ಚಕ್ರ ಅಲುಗ್ತೈತೆ ಅಂದ್ರೆ ಓಡಿಸಬೇಡಿ. ಮಂಗಳವಾರ ಬೇರಿಂಗ್ ತಗೊಂಡು ನಾನೇ ಬತ್ತೀನಿ" ಅಂದರು ಹಿರಿಯರು.

ಸೋಮವಾರದ ರಾತ್ರಿ

ಸೋಮವಾರ ರಾತ್ರಿ ಹನ್ನೊಂದಕ್ಕೆ ಮೊಮ್ಮಗಳಿಗೆ ನೋವು ಶುರುವಾಯಿತು. ಇನ್ನೂ ಹತ್ತು ದಿನ ಇದೆ ಅಂದುಕೊಂಡಿದ್ದರು.

ನಮ್ಮಲ್ಲೊಬ್ಬರ ಮನೆ ಅದೇ ಊರು. ಓಡಿ ಹೋಗುವ ಹೊತ್ತಿಗೆ ಅಣ್ಣ ಕಾರಿನ ಬಾಗಿಲು ತೆಗೆದು ನಿಂತಿದ್ದರು. "ನಿಧಾನಕ್ಕೆ ಹೋದ್ರಾಯ್ತು ಮೇಷ್ಟ್ರೇ. ಮೂವತ್ತರಲ್ಲಿ ಹೋಗ್ತೀನಿ" ಅಂದರು. ನಾವು ಬೇಡ ಅಂದೆವು. ಅವರಿಗೆ ಸಿಟ್ಟು ಬಂತು. "ಟೈರು ಅಂದೋರೂ ನೀವೇ, ಈಗ ಬೇಡ ಅನ್ನೋರೂ ನೀವೇ" ಅಂದರು. ನಮಗೆ ಉತ್ತರ ಇರಲಿಲ್ಲ. ಆ ಮಾತು ನಿಜವಾಗಿತ್ತು.

ಅಜ್ಜಿ ಬಂದು ಮಗನ ಕೈಯಿಂದ ಕೀ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. "ಕಡಾಣಿ ಇಲ್ದಿರೋ ಗಾಡೀಲಿ ಬಸುರಿ ಕೂರ್ಸಲ್ಲ" ಅಂದರು.

108ಕ್ಕೆ ಫೋನ್ ಮಾಡಿದೆವು. ಈ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ದುಡ್ಡು ಕೊಡಬೇಕಾಗಿಲ್ಲ. ಫೋನ್ ಮಾಡಿದಾಗ ಊರು, ಹೋಬಳಿ, ತಾಲ್ಲೂಕು, ಹತ್ತಿರದ ಗುರುತು ಬಿಡಿಸಿ ಹೇಳಬೇಕು. ನಾವು ಹಾಗೇ ಹೇಳಿದೆವು. ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾವು ಅಂಗಳದಲ್ಲಿ ನಿಂತು ಕಾರನ್ನೇ ನೋಡುತ್ತಿದ್ದೆವು. ಸುಮ್ಮನೆ ಹೆದರಿಸಿಬಿಟ್ಟೆವೋ ಏನೋ ಎಂದು ನಮಗೇ ಅನ್ನಿಸುತ್ತಿತ್ತು. ಕಾರಿನಲ್ಲಿ ಹೋಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ದಾರಿ ಆಗುತ್ತಿತ್ತು.

ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಕ್ಷೇಮ.

ಹಬ್ ಬಿಚ್ಚಿದಾಗ

ಮಂಗಳವಾರ ಮಧ್ಯಾಹ್ನ ಹಿರಿಯ ಮೆಕ್ಯಾನಿಕ್ ಬಂದರು. ಹಬ್ ಬಿಚ್ಚಿದರು. ಗ್ರೀಸ್ ಇರಬೇಕಾದ ಕಡೆ ಕೆಮ್ಮಣ್ಣು ಕದಡಿದ ಹಾಗೆ ಏನೋ ಇತ್ತು. ಕೇಜ್ ಮೂರು ತುಂಡಾಗಿತ್ತು. ಗುಂಡುಗಳೆಲ್ಲ ಒಂದೇ ಕಡೆ ಬಂದು ಸೇರಿದ್ದವು. ಬಳೆಯ ಒಂದು ಭಾಗ ಕಾವಿಗೆ ನೀಲಿ ತಿರುಗಿತ್ತು.

"ಇದು ತಿಪಟೂರು ಮುಟ್ತಿತ್ತಾ?" ಅಂತ ಅಣ್ಣ ಕೇಳಿದರು.

"ಮುಟ್ಟಿದ್ರೂ ಮುಟ್ತಿತ್ತು. ಅರ್ಧ ದಾರೀಲಿ ಚಕ್ರ ಹಿಡ್ಕೊಂಡಿದ್ರೂ ಹಿಡ್ಕೊಂತಿತ್ತು. ಯಾರಿಗ್ಗೊತ್ತು" ಅಂದರು ಹಿರಿಯರು. ಅಣ್ಣ ಕೇಜಿನ ಒಂದು ತುಂಡನ್ನು ಎತ್ತಿ ಜೇಬಿನಲ್ಲಿ ಇಟ್ಟುಕೊಂಡರು.

ಹೊಸ ಬೇರಿಂಗ್ ಕೂರಿಸುವಾಗ ಹಿರಿಯರು ಸುತ್ತಿಗೆ ಮುಟ್ಟಲಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಬಳೆಯ ಮೇಲೆ ಗುಳಿ ಬೀಳುತ್ತದಂತೆ. ಹೊಸ ಬೇರಿಂಗ್ ಹುಟ್ಟುವಾಗಲೇ ರೋಗಿ. ಅದನ್ನು ಒತ್ತುವ ಪ್ರೆಸ್ ತಿಪಟೂರಿನಲ್ಲಿ ಇತ್ತು. ಹಬ್ಬನ್ನೇ ಕಳಚಿ ಬೈಕಿನಲ್ಲಿ ತೆಗೆದುಕೊಂಡು ಹೋಗಿ, ಒತ್ತಿಸಿಕೊಂಡು ಬಂದರು. ಅಚ್ಚಿನ ನಟ್ಟನ್ನು ಕೈ ಅಂದಾಜಿಗೆ ಬಿಗಿಯಲಿಲ್ಲ. ಅಳತೆ ತೋರಿಸುವ ಪಾನಾ ತಂದಿದ್ದರು. ನಿಮ್ಮ ಕಾರಿಗೆ ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಇದನ್ನು ನೋಡಿ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಳೆಯ ಬೇರಿಂಗನ್ನು ಕೇಳಿ ತೆಗೆದುಕೊಳ್ಳಿ. ಅದು ನಿಮ್ಮ ದುಡ್ಡಿನದು.

ಅಂಗಡಿಯಲ್ಲಿ ಬೇರಿಂಗ್ ಕೊಳ್ಳುವಾಗ ಅಕ್ಷರ, ಅಂಕಿ ಕೆಲಸಕ್ಕೆ ಬರುತ್ತವೆ. ಪ್ರತಿ ಬೇರಿಂಗ್ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಇಂಗ್ಲಿಷ್ ಅಂಕಿಯಲ್ಲಿ ಇರುತ್ತದೆ, ಅದನ್ನೂ ನೀವು ಕಲಿತಿದ್ದೀರಿ. ಹಳೆಯದರ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೊಸದರ ನಂಬರ್ ಒಂದೊಂದೇ ಅಂಕಿ ಹೋಲಿಸಿ. ಡಬ್ಬಿಯ ಮೇಲಿನ ನಂಬರ್, ಬೇರಿಂಗ್ ಮೇಲಿನ ನಂಬರ್, ಬಿಲ್ಲಿನ ನಂಬರ್, ಮೂರೂ ಒಂದೇ ಇರಬೇಕು. ಹೆಸರಾದ ಕಂಪನಿಗಳ ಡಬ್ಬಿಯಂತೆಯೇ ಕಾಣುವ ನಕಲಿ ಮಾಲು ಪೇಟೆಯಲ್ಲಿ ಬರುತ್ತದೆ. ಬಿಲ್ಲಿಲ್ಲದೆ ಕೊಡುವವರ ಹತ್ತಿರ ಕೊಳ್ಳಬೇಡಿ.

ತಮಾಷೆಯ ಒಂದು ಲೆಕ್ಕ ಹೇಳುತ್ತೇವೆ. ಮೋಟಾರು, ಗಿರಣಿಗಳಲ್ಲಿ 6205, 6206 ಎಂಬ ನಂಬರಿನ ಬೇರಿಂಗ್ ತುಂಬ ಬಳಸುತ್ತಾರೆ. ಕೊನೆಯ ಎರಡು ಅಂಕಿ ತೆಗೆದುಕೊಳ್ಳಿ. 5ರಿಂದ ಗುಣಿಸಿ. ಐದೈದಲಿ ಇಪ್ಪತ್ತೈದು. 6205ರ ನಡುವಿನ ತೂತು 25 ಮಿಲಿಮೀಟರ್. ಆರೈದಲಿ ಮೂವತ್ತು. 6206ರ ತೂತು 30 ಮಿಲಿಮೀಟರ್. ಮಗ್ಗಿ ಯಾಕೆ ಕಲಿಯಬೇಕು ಅಂತ ಕೇಳುತ್ತಿದ್ದಿರಲ್ಲ! ಆದರೆ ಕಾರಿನ ಚಕ್ರದ ಬೇರಿಂಗ್‌ಗಳಿಗೆ ಹೆಚ್ಚಾಗಿ ಬೇರೆ ಉದ್ದನೆಯ ನಂಬರ್ ಇರುತ್ತದೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ನೀರು ನಿಂತ ರಸ್ತೆಯಲ್ಲಿ ಹೋಗಲೇಬೇಕಾದರೆ ಆಮೇಲಿನ ಒಂದೆರಡು ತಿಂಗಳು ಕಿವಿ ಚುರುಕಾಗಿಡಿ. ಕಾರಿನ ಹಿಂದೆ ನಾಲ್ಕು ಚೀಲ ಕೊಬ್ಬರಿ, ಮೇಲೆ ಇಬ್ಬರು, ಹೀಗೆ ತುಂಬಬೇಡಿ. ಕಾರು ತೊಳೆಯುವಾಗ ಜೋರು ನೀರಿನ ಪೈಪನ್ನು ಚಕ್ರದ ನಡುವಿಗೆ ಹಿಡಿಯಬೇಡಿ, ಸೀಲ್ ದಾಟಿ ಒಳಗೆ ಹೋಗುತ್ತದೆ.

ಸಂಜೆ ಕಾರು ತಯಾರಾಯಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟರು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ನಂಬರನ್ನು ಒಂದೊಂದೇ ಅಂಕಿ ಬಾಯಿಬಿಟ್ಟು ಓದಿದರು. ಎಂಟನ್ನು ಮೂರು ಅಂದರು, ಆಮೇಲೆ ತಾವೇ ತಿದ್ದಿಕೊಂಡರು. ಬಾಣಂತಿಗೆ ಊಟ ಕಟ್ಟಿಕೊಂಡು ಎಲ್ಲರೂ ತಿಪಟೂರಿಗೆ ಹೊರಟೆವು. ರಸ್ತೆಯಲ್ಲಿ ಕಾರು ಅರವತ್ತು ಮುಟ್ಟಿತು. ಯಾರೂ ಮಾತಾಡಲಿಲ್ಲ. ಎಲ್ಲರೂ ಕೇಳುತ್ತಿದ್ದೆವು.

"ಏನವ್ವ, ಸದ್ದೈತಾ?" ಅಂತ ಅಣ್ಣ ತಿರುಗದೆಯೇ ಕೇಳಿದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೀಲು ಸರಿಯಾಗೈತೆ. ಈ ಕಡೆ ಬಾಗ್ಲು ಲೊಡಲೊಡ ಅಂತೈತೆ, ಅದನ್ನ ನೋಡು" ಅಂದರು.